ಕೆಂಪರಾಜಮ್ಮನ ತೊಂಬತ್ತೇಳು

ಹೆಂಗಸರ ವಯಸ್ಸು ಕೇಳಬಾರದು, ಗಂಡಸರ ಸಂಬಳ ಕೇಳಬಾರದು ಎನ್ನುತ್ತಿದ್ದರಂತೆ ಹಿಂದಿನವರು. ಸೊಣ್ಣೇನಪಾಳ್ಯದಲ್ಲಿ ಈಗ ಅವೆರಡನ್ನೂ ಯಾರೂ ಕೇಳುವುದಿಲ್ಲ. ಇಬ್ಬರು ಎದುರಾದರೆ ಕೇಳುವುದು ಒಂದೇ ಮಾತು: "ನಿಮ್ಮ ಪೈಪಿಂದು ಎಷ್ಟದೆ ಈಗ?"

ಬಿಸಿಲು ಹಳೆಯ ಬಿಸಿಲಾಗಿ ಉಳಿದಿರಲಿಲ್ಲ. ಬಯಲಲ್ಲಿ ನೆಟ್ಟ ಸಸಿ ಎರಡೇ ದಿನಕ್ಕೆ ಹುರಿದ ಸೊಪ್ಪಾಗುತ್ತಿತ್ತು. ಹಾಗಾಗಿ ತಾಲ್ಲೂಕಿನ ತರಕಾರಿಯೆಲ್ಲ ಎಂಟುನೂರು ಪಾಲಿಹೌಸುಗಳ ಪ್ಲಾಸ್ಟಿಕ್ ಹಾಳೆಯ ನೆರಳಿಗೆ ಬಂದು ಸೇರಿತ್ತು. ಹಾಳೆಯನ್ನು ಹೊತ್ತು ನಿಂತದ್ದು ಉಕ್ಕಿನ ಪೈಪು. ಒಳಗಿನ ಬೆವರು, ಗೊಬ್ಬರದ ನೀರು, ಬೂದಿ ರೋಗಕ್ಕೆಂದು ಹಾಕುವ ಗಂಧಕದ ಹೊಗೆ, ಎಲ್ಲ ಸೇರಿ ಆ ಉಕ್ಕನ್ನು ವರ್ಷ ವರ್ಷವೂ ಒಂದಿಷ್ಟು ತಿನ್ನುತ್ತಿದ್ದವು. ಎಷ್ಟು ತಿಂದಿವೆ ಎಂಬುದು ಗಾಳಿಗೆ ಆ ಪ್ಲಾಸ್ಟಿಕ್ ಮನೆ ಮಗುಚಿದ ಮೇಲೆ ಗೊತ್ತಾಗುತ್ತಿತ್ತು. ಗೊತ್ತಾಗಿ ಏನು ಪ್ರಯೋಜನ?

ಹನ್ನೊಂದು ವರ್ಷದ ಹಿಂದೆ 'ಕಿವಿ' ಬಂತು. ಸೋಡಾ ಬಾಟಲಿಯ ಮುಚ್ಚಳದಷ್ಟು ದೊಡ್ಡದು. ಪೈಪಿಗೆ ಅಂಟಿಸಿದರೆ ಗಂಟೆಗೊಮ್ಮೆ ಮೆಲ್ಲಗೆ ತಟ್ಟಿ, ಆ ಸದ್ದು ಪೈಪಿನ ಒಳಮೈ ಮುಟ್ಟಿ ವಾಪಸು ಬರುವುದನ್ನು ಕಾಯುತ್ತದೆ. ಪೈಪು ದಪ್ಪಗಿದ್ದರೆ ಸದ್ದು ತಡವಾಗಿ ಬರುತ್ತದೆ, ಸವೆದಿದ್ದರೆ ಬೇಗ ಬರುತ್ತದೆ. ಅದರಿಂದ ದಪ್ಪದ ಲೆಕ್ಕ, ದಪ್ಪದಿಂದ ಬಲದ ಲೆಕ್ಕ. ಹೊಸ ಪೈಪಿಗೆ ನೂರು. ಅರವತ್ತಕ್ಕಿಂತ ಕೆಳಗಿಳಿದರೆ ಮನೆ ಬಿಚ್ಚಬೇಕು. ಸರ್ಕಾರದ ಸರದಿಯಲ್ಲಿ ಹೊಸ ಪೈಪು ಬರುತ್ತದೆ. ಪ್ರತಿ ಪಾಲಿಹೌಸಿನ ಬಾಗಿಲಿಗೂ ಒಂದು ಬೋರ್ಡು, ಬೋರ್ಡಿನ ಮೇಲೆ ಕೆಂಪು ದೀಪದಲ್ಲಿ ಆ ನಂಬರು.

ನಂಬರು ಬಂದ ಮೇಲೆ ಮಾನ ಮರ್ಯಾದೆ ಬೇರೆ ಇನ್ನೆಲ್ಲಿ ಇರುತ್ತದೆ? ಹೆಣ್ಣು ನೋಡಲು ಬಂದವರೂ ಒಮ್ಮೆ ಬೋರ್ಡಿನ ಕಡೆ ಕಣ್ಣು ಹಾಯಿಸಿಯೇ ಚಪ್ಪಲಿ ಬಿಡುತ್ತಿದ್ದರು.

ಆ ಊರಿನ ಹೆಮ್ಮೆ ಕೆಂಪರಾಜಮ್ಮನ ದಪ್ಪ ಮೆಣಸಿನಕಾಯಿ ಮನೆ. ಕಟ್ಟಿ ಇಪ್ಪತ್ತಾರು ವರ್ಷ, ನಂಬರು ತೊಂಬತ್ತೇಳು. ಪಕ್ಕದ ಬೈಲಪ್ಪನ ಮನೆಗೆ ಹದಿನಾಲ್ಕೇ ವರ್ಷ, ನಂಬರು ಎಂಬತ್ತಮೂರು. "ಆ ಯಮ್ಮ ಪೈಪಿಗೆ ಬಾದಾಮಿ ಹಾಲು ಕುಡಿಸ್ತಾಳೆ" ಎಂದು ಅವನು ಎಲ್ಲರೆದುರೂ ಉರಿದುಕೊಳ್ಳುತ್ತಿದ್ದ. ಹಾಲಲ್ಲದಿದ್ದರೂ ಆರೈಕೆಯೇನೂ ಕಮ್ಮಿ ಇರಲಿಲ್ಲ. ಆಯುಧಪೂಜೆಗೆ ಕೆಂಪರಾಜಮ್ಮ ಒಂದೊಂದು ಪೈಪಿಗೂ ನೀರು ಹಾಕಿ, ಹಳೇ ಸೀರೆಯಲ್ಲಿ ಒರೆಸಿ, ಕಿವಿ ಬಿಡಿಸಿಟ್ಟು ಬೆಳ್ಳಿ ಬಣ್ಣ ಬಳಿದು, ಒಣಗಿದ ಮೇಲೆ ಅದನ್ನು ಮತ್ತೆ ಅಂಟಿಸಿ, ವಿಭೂತಿ ಎಳೆದು ಕುಂಕುಮ ಇಡುತ್ತಿದ್ದಳು. "ನಂಗೆ ಒಂದ್ ದಿನಾನೂ ಹಿಂಗೆ ಮೈ ಉಜ್ಜಿಲ್ಲ ನಮ್ಮವ್ವ" ಎಂದು ಮಗ ಮುದ್ದಯ್ಯ ಗೊಣಗುತ್ತಲೇ ಬಣ್ಣದ ಡಬ್ಬ ಹಿಡಿಯುತ್ತಿದ್ದ. ಸೊಸೆ ವಾರಿಜಾ ಮದುವೆಯಾಗಿ ಬಂದ ಒಂಬತ್ತು ವರ್ಷದಿಂದ ಬ್ರಷ್ಷು ಹಿಡಿಯುತ್ತಿದ್ದಳು.

ವಾರಿಜಾಳ ಕೆಲಸ ತಾಲ್ಲೂಕಿನ ಕಿವಿ ಕೇಂದ್ರದಲ್ಲಿ. ಎಂಟುನೂರು ಮನೆಗಳ ಕಿವಿಗಳು ಹೇಳಿದ್ದೆಲ್ಲ ಅಲ್ಲಿನ ದೊಡ್ಡ ಪರದೆಯ ಮೇಲೆ ಬರುತ್ತಿತ್ತು. ಬಿರುಗಾಳಿಯ ಸುದ್ದಿ ಬಂದರೆ ಯಾವ ಮನೆ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನಂಬರು ನೋಡಿ ಅಲ್ಲಿಂದಲೇ ಅಪ್ಪಣೆ ಹೋಗುತ್ತಿತ್ತು. ಬಲ ಇದ್ದವರು ಪಾಲಿಹೌಸಿನ ಪಕ್ಕದ ಪರದೆಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಒಳಗೇ ಕೆಲಸ ಮಾಡಬಹುದು. ಇಲ್ಲದವರು ಹಾಳೆ ಹರಿದು ಆಚೆ ಬರಬೇಕು. ಹಾಳೆ ಹರಿದರೆ ಗಾಳಿ ಮೊರದಿಂದ ಹೊಟ್ಟು ಹಾರಿದ ಹಾಗೆ ಹಾದುಹೋಗಿ ಕಂಬ ಉಳಿಯುತ್ತದೆ, ಬೆಳೆ ಮಾತ್ರ ಮರುದಿನದ ಬಿಸಿಲಿಗೆ ಹೋಗುತ್ತದೆ.

ಆ ಸೋಮವಾರ ಕೇಂದ್ರದ ಮುಖ್ಯಸ್ಥ ಫಕ್ರುದ್ದೀನ್ ಸಾಹೇಬರು ಬಹಳ ಖುಷಿಯಲ್ಲಿದ್ದರು. ಕೆಂಪರಾಜಮ್ಮನಿಗೆ ಮುಂದಿನ ತಿಂಗಳು ಸನ್ಮಾನ ಮಾಡಬೇಕೆಂದು ಮೇಲಿನವರಿಂದ ಒಪ್ಪಿಗೆ ಬಂದಿತ್ತು.

"ಭಾಷಣಕ್ಕೆ ಒಂದು ಕಾರಣ ಬೇಕಲ್ಲ ವಾರಿಜಾ ಅವರೇ. ನಿಮ್ಮತ್ತೆ ಪೈಪು ಯಾಕೆ ಮುದಿಯಾಗ್ತಿಲ್ಲ, ಸ್ವಲ್ಪ ಹುಡುಕಿಕೊಡಿ."

ವಾರಿಜಾ ಹನ್ನೊಂದು ವರ್ಷದ ಲೆಕ್ಕವನ್ನು ಪರದೆಗೆ ತಂದಳು. ಗೆರೆ ವರ್ಷವಿಡೀ ನಿಧಾನವಾಗಿ ಇಳಿಯುತ್ತಿತ್ತು. ಅಕ್ಟೋಬರಿನಲ್ಲಿ ಒಂದೇ ದಿನ ಎರಡೂವರೆಯಷ್ಟು ಏರುತ್ತಿತ್ತು. ಮತ್ತೆ ಇಳಿಯುತ್ತಿತ್ತು, ಮತ್ತೆ ಅಕ್ಟೋಬರಿಗೆ ಏರುತ್ತಿತ್ತು. ಬೈಲಪ್ಪನದೂ ಹಾಗೇ. ಸೊಣ್ಣೇನಪಾಳ್ಯದ ಅರವತ್ತೆರಡು ಮನೆಗಳದ್ದೂ ಹಾಗೇ.

"ನಿಮ್ಮೂರ ಉಕ್ಕು ದಸರಾಕ್ಕೆ ಚಿಕ್ಕ ವಯಸ್ಸಾಗ್ತದೆ!" ಎಂದು ಸಾಹೇಬರು ನಕ್ಕರು. ವಾರಿಜಾಳಿಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಉಕ್ಕು ಸವೆಯುತ್ತದೆ, ಬೆಳೆಯುವುದಿಲ್ಲ. ಅಷ್ಟರಲ್ಲಿ ಹವಾಮಾನದ ಸುದ್ದಿಯೂ ಬಂತು. ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ ದೊಡ್ಡ ಗಾಳಿ.

ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಮುಂಚೆ ಅವಳು ಪಾಲಿಹೌಸಿಗೆ ಹೋದಳು. ಹದಿನಾಲ್ಕನೇ ಕಂಬದ ಕಿವಿಯ ಅಂಟು ಸಡಿಲವಾಗಿತ್ತು. ಹೊಸ ಅಂಟು ಹಾಕೋಣವೆಂದು ಎಳೆದರೆ ಕಿವಿಯ ಜೊತೆಗೆ ಒಂದು ಬಿಲ್ಲೆ ಬಣ್ಣವೂ ಎದ್ದು ಬಂತು. ಅಂಚಿನಲ್ಲಿ ನೋಡಿದಳು. ಚಿರೋಟಿಯ ಹಾಗೆ ಪದರದ ಮೇಲೆ ಪದರ. ಉಗುರಲ್ಲಿ ಬಿಡಿಸುತ್ತ ಎಣಿಸಿದಳು. ಇಪ್ಪತ್ತಾರು.

ಉಕ್ಕಿನಲ್ಲಿ ಸದ್ದು ಓಡುತ್ತದೆ, ಬಣ್ಣದಲ್ಲಿ ಕುಂಟುತ್ತದೆ. ಸದ್ದು ತಡವಾಗಿ ಬಂದದ್ದೆಲ್ಲ ದಪ್ಪವೆಂದೇ ಕಿವಿ ತಿಳಿಯುತ್ತದೆ. ಅರ್ಧ ಮಿಲಿಮೀಟರ್ ಬಣ್ಣವನ್ನು ಅದು ಒಂದೂಕಾಲು ಮಿಲಿಮೀಟರ್ ಉಕ್ಕು ಎಂದು ಓದಿತ್ತು. ಬಣ್ಣ ಬಳಿಯುವ ಮುನ್ನ ಹಳೆಯದನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಬೇಕು ಎಂಬುದು ಯಾವ ಪೇಂಟರಿಗಾದರೂ ಗೊತ್ತು. ಆದರೆ ಇಲ್ಲಿ ಬಣ್ಣ ಬಳಿಯುವುದು ಆಯುಧಪೂಜೆಯ ದಿನ, ಅವತ್ತು ಕಬ್ಬಿಣಕ್ಕೆ ವಿಶ್ರಾಂತಿ. ಉಜ್ಜುವುದು, ಕೆರೆಯುವುದು, ಬಡಿಯುವುದು ಯಾವುದೂ ಕೂಡದು. ಕಿವಿ ಅಂಟಿಸಲು ಬಂದವನಿಗೂ ಊರಿನವರು ಪೂಜೆಯ ಕಂಬ ಕೆರೆಯಲು ಬಿಟ್ಟಿರಲಿಲ್ಲ. ಅವನು ಕಾಫಿ ಕುಡಿದು, ಬಣ್ಣದ ಮೇಲೇ ಅಂಟಿಸಿ ಹೋಗಿದ್ದ.

ಬರಿಯ ಉಕ್ಕಿಗೆ ಕಿವಿಯನ್ನು ಒತ್ತಿ ಹಿಡಿದಳು. ಮುಕ್ಕಾಲು ಮಿಲಿಮೀಟರ್. ಎರಡು ಮಿಲಿಮೀಟರ್ ಇರಬೇಕಾದ ಕಡೆ. ತೊಂಬತ್ತೇಳರ ಮನೆಯ ನಿಜವಾದ ನಂಬರು ಮೂವತ್ತೆಂಟು. ಅದರಲ್ಲಿ ಒಂಬತ್ತು ಪದರ ಸುಳ್ಳು ತನ್ನ ಕೈಯಿಂದಲೇ ಬಳಿದದ್ದು.

ಅಡುಗೆಮನೆಯಲ್ಲಿ ಅತ್ತೆ ಮುದ್ದೆ ತಿರುವುತ್ತಿದ್ದಳು. ವಾರಿಜಾ ಎಲ್ಲವನ್ನೂ ಹೇಳಿದಳು. ಕೆಂಪರಾಜಮ್ಮ ಮುದ್ದೆ ಕೋಲನ್ನು ನಿಲ್ಲಿಸಲಿಲ್ಲ.

"ನೋಡಮ್ಮ, ಹನ್ನೊಂದು ವರ್ಷದಿಂದ ನಿಮ್ಮ ಮಿಷಿನ್ನು ತೊಂಬತ್ತೇಳು ತೊಂಬತ್ತೇಳು ಅಂತು. ನಾನೇನ್ ಕೇಳಿದ್ನಾ ನಿಮ್ಮುನ್ನ? ನೀವೇ ಬೋರ್ಡ್ ತಂದು ಹಾಕುದ್ರಿ. ಇವತ್ತು ಮೂವತ್ತೆಂಟು ಅಂತೀಯ. ಯಾವ್ದುನ್ನ ನಂಬ್ಲಿ?"

"ಇವತ್ತಿಂದು ನಂಬಿ ಅತ್ತೆ. ಗುರುವಾರ ಗಾಳಿ ಅದೆ. ಹಾಳೆ ಹರಿದುಬಿಡಣ."

"ಹರಿಯೋದಾ?" ಈಗ ಕೋಲು ನಿಂತಿತು. "ಕಾಯಿ ಕೆಂಪಿಗೆ ತಿರುಗ್ತಾ ಅದೆ. ಮದುವೆ ಕಾಲ. ಹದಿನಾಲ್ಕು ಜನ ಹೆಂಗಸ್ರು ಗುರುವಾರ ಬಿಡ್ಸಕ್ಕೆ ಬತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಸುಮ್ನೆ ಅಂದವ್ರಾ? ನಿಮ್ಮಾವ ತೀರ್ಕೊಂಡ ಮೇಲೆ ಆ ಮನೇನ ನಾನೊಬ್ಳೇ ನಿಲ್ಸಿರೋದು. ಅದು ಬೀಳಲ್ಲ, ಹೋಗು. ಬಸ್ಸಿಗೆ ಹೊತ್ತಾಯ್ತು."

ಬಸ್ಸಿನಲ್ಲಿ ವಾರಿಜಾಳ ಕಣ್ಣು ತುಂಬಿ ಬಂತು. ಅತ್ತೆಯ ಮೇಲೆ ಸಿಟ್ಟಲ್ಲ. ಅತ್ತೆ ಕೇಳಿದ್ದರಲ್ಲಿ ತಪ್ಪೇನಿತ್ತು?

ಅವತ್ತು ಸಾಹೇಬರು ರಜೆಯಲ್ಲಿದ್ದರು. ಬುಧವಾರ ಫಕ್ರುದ್ದೀನ್ ಸಾಹೇಬರು ಬಣ್ಣದ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸನ್ಮಾನದ ಕಾಗದವನ್ನು ಡ್ರಾಯರಿಗೆ ತಳ್ಳಿದರು. ಮನುಷ್ಯ ಒಳ್ಳೆಯವರು, ವಾದಕ್ಕೆ ನಿಲ್ಲಲಿಲ್ಲ. ಕೂಡಲೇ ನಾಲ್ಕು ಜನರನ್ನು ಸೊಣ್ಣೇನಪಾಳ್ಯಕ್ಕೆ ಕಳಿಸಿ ಕಂಬ ಕೆರೆದು ಅಳೆಯಲು ಹೇಳಿದರು. ಸಂಜೆ ಅವರು ಬರಿಗೈಯಲ್ಲಿ ವಾಪಸು ಬಂದರು. ಊರಿನವರು ಮಜ್ಜಿಗೆ ಕೊಟ್ಟು, ಉಪ್ಪುಕಾಗದ ಕಿತ್ತಿಟ್ಟುಕೊಂಡು ಕಳಿಸಿದ್ದರು.

"ಹಾಳೆ ಹರೀರಿ ಅಂತ ನಾನು ಈಗಲೇ ಎಲ್ಲರಿಗೂ ಸುದ್ದಿ ಕಳಿಸ್ತೀನಿ" ಎಂದರು ಸಾಹೇಬರು. "ಆದರೆ ಯಾರೂ ಹರಿಯಲ್ಲ ನೋಡ್ತಿರಿ. ಬಾಗಿಲ ಮೇಲೆ ತೊಂಬತ್ತು ಉರೀತಿರುವಾಗ ಫೋನಿನಲ್ಲಿ ಬಂದ ಮಾತನ್ನ ಯಾರು ಕೇಳ್ತಾರೆ? ಆ ತೊಂಬತ್ತು ನಾವೇ ಕಲಿಸಿದ್ದು. ನಾಳೆ ನೀವು ಆಫೀಸಿಗೆ ಬರಬೇಡಿ. ಊರಲ್ಲೇ ಇರಿ."

ಅವರು ಹೇಳಿದ ಹಾಗೇ ಆಯಿತು. ಸುದ್ದಿ ಓದಿ ಊರು ನಕ್ಕಿತು. "ಕೇಂದ್ರಕ್ಕೇ ವಯಸ್ಸಾಗದೆ" ಎಂದ ಬೈಲಪ್ಪ.

ಗುರುವಾರ ಮಧ್ಯಾಹ್ನ ಒಂದೂವರೆ. ಮುದ್ದಯ್ಯ ವ್ಯಾನಿನಲ್ಲಿ ಬೆಳಗಿನ ಲೋಡು ಹೊತ್ತು ಹೋಗಿದ್ದ. ಪಾಲಿಹೌಸಿನೊಳಗೆ ಹದಿನಾಲ್ಕು ಹೆಂಗಸರು ಸಾಲು ಹಿಡಿದು ಕಾಯಿ ಬಿಡಿಸುತ್ತಿದ್ದರು. ಮೇಲಿನ ಪೈಪಿನಿಂದ ಇಳಿಬಿಟ್ಟ ದಾರಗಳಿಗೆ ಗಿಡಗಳು ಜೋತುಬಿದ್ದಿದ್ದವು. ಒಂದೊಂದು ಗಿಡದಲ್ಲೂ ಸೇರುಗಟ್ಟಲೆ ಕಾಯಿ, ಅಷ್ಟೂ ಭಾರ ಪೈಪಿನ ಮೇಲೆ. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆ ನಿಶ್ಶಬ್ದವೇ ವಾರಿಜಾಳಿಗೆ ಹೆದರಿಕೆ ತಂದಿತ್ತು.

ಬೆಳಗಿನಿಂದ ಅವಳು ಮಿಲಿಮೀಟರು ಹೇಳಿದ್ದಳು, ಸದ್ದಿನ ವೇಗ ಹೇಳಿದ್ದಳು, ಬಣ್ಣದ ಬಿಲ್ಲೆ ತೋರಿಸಿದ್ದಳು. ಯಾವುದೂ ಅತ್ತೆಯ ತಲೆಗೆ ಹತ್ತಿರಲಿಲ್ಲ. ಬಾಗಿಲ ಬಳಿ ಒಬ್ಬಾಕೆ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ವಾರಿಜಾ ಅವಳ ಕೈಯಿಂದ ದಬ್ಬಣ ಇಸಿದುಕೊಂಡು ಅತ್ತೆಯ ಮುಂದೆ ಹಿಡಿದಳು.

"ಅತ್ತೆ, ನಾನು ಕೆರೆಯಲ್ಲ. ನಾನು ಮುಟ್ಟೋದೂ ಇಲ್ಲ. ಇದನ್ನ ನೀವೇ ಹಿಡಿದು ನಿಮಗೆ ಯಾವ ಕಂಬದ ಮೇಲೆ ನಂಬಿಕೆಯೋ ಅದರ ಬುಡಕ್ಕೆ ಚುಚ್ಚಿ ನೋಡಿ. ಮಣ್ಣು ಸೇರೋ ಜಾಗದಲ್ಲಿ. ಒಳಕ್ಕೆ ಹೋಗಲಿಲ್ಲ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ. ನಿಮ್ಮ ಜೊತೆ ನಾನೂ ಇಲ್ಲೇ ಕಾಯಿ ಬಿಡಿಸ್ತೀನಿ."

"ದಬ್ಬಣ ಕಬ್ಬಿಣದೊಳಕ್ಕೆ ಹೋಗ್ತದಾ? ತಿಳಿದೋಳು ಆಡೋ ಮಾತಾ ಇದು?" ಎಂದು ಕೆಂಪರಾಜಮ್ಮ ಸುತ್ತಲಿನವರನ್ನು ನೋಡಿ ನಕ್ಕಳು. ಹೆಂಗಸರೂ ನಕ್ಕರು. ಆದರೂ ಸೊಸೆಯ ಮುಖದಲ್ಲಿ ಏನು ಕಂಡಳೋ, ದಬ್ಬಣ ತೆಗೆದುಕೊಂಡಳು. ಬಾಗಿಲ ಬಲಗಡೆಯ ಮೊದಲನೇ ಕಂಬಕ್ಕೆ ಹೋದಳು. ಇಪ್ಪತ್ತಾರು ವರ್ಷದ ಹಿಂದೆ ಮೊದಲು ನಿಂತದ್ದು ಅದೇ. ಕಂಬಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಕುಕ್ಕರುಗಾಲಲ್ಲಿ ಕೂತು, ಬುಡದ ಮಣ್ಣು ಸರಿಸಿ, ದಬ್ಬಣದ ಮೊನೆಯಿಟ್ಟು ಅದುಮಿದಳು.

ಹಪ್ಪಳ ಮುರಿದಷ್ಟು ಸದ್ದಾಯಿತು. ದಬ್ಬಣ ಹಿಡಿಯವರೆಗೂ ಒಳಗೆ ಹೋಯಿತು.

ಕೆಂಪರಾಜಮ್ಮ ದಬ್ಬಣ ಕಿತ್ತು ಎರಡನೇ ಕಂಬಕ್ಕೆ ಹೋದಳು. ಅಲ್ಲೂ ಹೋಯಿತು. ಮೂರನೆಯದು ತಡೆಯಿತು. ಅವಳ ಮುಖ ಒಂದು ಗಳಿಗೆ ಅರಳಿತು. ನಾಲ್ಕನೆಯದಕ್ಕೆ ಹೋಯಿತು, ಐದನೆಯದಕ್ಕೂ ಹೋಯಿತು. ಆರನೆಯದನ್ನು ಚುಚ್ಚಲಿಲ್ಲ. ದಬ್ಬಣಕ್ಕೆ ಹತ್ತಿದ ತುಕ್ಕಿನ ಪುಡಿಯನ್ನು ಸೆರಗಿನಲ್ಲಿ ಒರೆಸಿ, ಗೋಣಿ ಹೊಲಿಯುತ್ತಿದ್ದವಳಿಗೆ ವಾಪಸು ಕೊಟ್ಟಳು.

"ಮೇಲೆ ಥಳುಕು ಒಳಗೆ ಹುಳುಕು ಅಂತ ಊರೋರ ಮನೆಗೆಲ್ಲ ಅಂದ್ಕೊಂಡು ಬಂದೆ ಕಣೇ ವಾರಿಜಾ" ಎಂದಳು. "ಈ ಹದಿನಾಲ್ಕು ಜನದ ತಲೆ ಮೇಲೆ ಇದನ್ನ ನಿಲ್ಸಿ ಕೂತಿದ್ನಲ್ಲ ನಾನು."

ವಾರಿಜಾ ಅವಳ ಭುಜ ಹಿಡಿದುಕೊಂಡಳು. ಅತ್ತೆ ಒಂದೇ ಸಲ ಮೂಗೆಳೆದುಕೊಂಡು ಎದ್ದು ನಿಂತಳು.

"ಎಲ್ರೂ ಆಚೆಗೆ ನಡೀರಿ. ಬುಟ್ಟಿ ಬಿಟ್ಟು ನಡೀರಿ. ಆ ಕುಡ್ಲು ಕೊಡಮ್ಮ ಇಲ್ಲಿ."

"ಅಕ್ಕಯ್ಯ, ನಿಜವಾಗ್ಲೂ ಹರೀತೀಯಾ?" ಎಂದಳು ಒಬ್ಬಳು.

"ಇನ್ಯಾರು ಹರೀಬೇಕು? ಕಟ್ಸಿದೋಳು ನಾನಲ್ವಾ?"

ಉದ್ದನೆಯ ಗಳುವಿಗೆ ಕುಡುಗೋಲು ಕಟ್ಟಿ ಹಾಳೆಯ ಎದೆಗೆ ಸಿಕ್ಕಿಸಿ ಎಳೆದಳು. ಪರ್ರನೆ ಹರಿದ ಸದ್ದು ಮೂರು ಹೊಲದಾಚೆಗೂ ಕೇಳಿತು. ಆ ಸದ್ದನ್ನು ಊರಿನಲ್ಲಿ ತಿಳಿಯದವರಿಲ್ಲ. ಬೈಲಪ್ಪ ಬೇಲಿಯ ಮೇಲೆ ಕತ್ತು ಚಾಚಿದ. ತೊಂಬತ್ತೇಳು ಎಂದು ಬೋರ್ಡು ಉರಿಯುತ್ತಲೇ ಇತ್ತು. ಅದರ ಕೆಳಗೆ ಅದರ ಒಡತಿ ತನ್ನ ಹಾಳೆಯನ್ನು ತಾನೇ ಸೀಳುತ್ತಿದ್ದಳು.

"ಬೈಲಪ್ಪಾ, ನೋಡ್ತಾ ನಿಂತ್ಕೋಬೇಡ! ದಬ್ಬಣ ತಗೊಂಡು ನಿನ್ ಕಂಬದ ಬುಡಕ್ಕೆ ಚುಚ್ಚು, ಆಮೇಲೆ ಮಾತಾಡು!"

ಕೇಂದ್ರದ ಸುದ್ದಿ ಮಾಡಲಾಗದ್ದನ್ನು ಆ ಸುದ್ದಿ ಮಾಡಿತು. ತೊಂಬತ್ತೇಳರಾಕೆಯೇ ಹರಿದಳಂತೆ! ಫೋನಿಗಿಂತ ವೇಗವಾಗಿ ಅದು ಬೇಲಿಯಿಂದ ಬೇಲಿಗೆ ಹಾರಿತು. ಕೆಲವರು ದಬ್ಬಣ ಹಿಡಿದು ಬುಡಕ್ಕೆ ಓಡಿದರು. ಹೆಚ್ಚಿನವರು ಅಷ್ಟೂ ಕಾಯದೆ ಕುಡುಗೋಲೇ ಹಿಡಿದರು. ಎರಡೂವರೆಗೆ ಫಕ್ರುದ್ದೀನ್ ಸಾಹೇಬರ ಫೋನು ಬಂತು. "ವಾರಿಜಾ ಅವರೇ, ಇಲ್ಲಿ ಪರದೆ ಮೇಲೆ ನಿಮ್ಮೂರಿನ ಮನೆಗಳೆಲ್ಲ ಒಂದೊಂದಾಗಿ 'ಹಾಳೆ ಇಲ್ಲ' ಅಂತ ತೋರಿಸ್ತಿವೆ. ಏನು ಮಾಡಿದಿರಿ?"

"ನಾನಲ್ಲ ಸಾರ್, ನಮ್ಮತ್ತೆ" ಎಂದಳು ವಾರಿಜಾ. ಆ ಮಾತು ಹೇಳುವಾಗ ಅವಳಿಗಾದಷ್ಟು ಹೆಮ್ಮೆ ತನ್ನ ಪದವಿಯ ದಿನವೂ ಆಗಿರಲಿಲ್ಲ.

ಗಾಳಿ ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂತು. ಮೊದಲು ಕೆಂಪು ಧೂಳು, ಹಿಂದೆಯೇ ದೊಡ್ಡ ಹೊಡೆತ. ಎಲ್ಲರೂ ಶಾಲೆಯ ಜಗಲಿಯಲ್ಲಿ ಗುಂಪಾಗಿ ನಿಂತಿದ್ದರು. ಹರಿದ ಹಾಳೆಗಳು ಪಟಪಟನೆ ಬಡಿದುಕೊಂಡವು. ಕೆಂಪರಾಜಮ್ಮನ ಮನೆಯ ಅಸ್ಥಿಪಂಜರ ಒಂದು ಕಡೆಗೆ ವಾಲಿತು, ಕಿರ್ರೆಂದಿತು, ಮತ್ತೆ ನೆಟ್ಟಗಾಯಿತು. ಮತ್ತೆ ವಾಲಿತು. ಕೆಂಪರಾಜಮ್ಮ ಸೊಸೆಯ ಮುಂಗೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. ಪಕ್ಕದಲ್ಲಿ ಬೈಲಪ್ಪನ ಮನೆಯಲ್ಲಿ ಅರ್ಧ ಹಾಳೆ ಹರಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಹರಿಯದ ಆ ಅರ್ಧ ಎಲ್ಲರ ಕಣ್ಣೆದುರೇ ಮೊಣಕಾಲೂರಿ ಮಲಗಿತು. ಎಂಬತ್ತಮೂರು ಎಂಬ ಬೋರ್ಡು ಅದರ ಅಡಿಯಲ್ಲಿ ಸಿಕ್ಕಿ ಆರಿತು. ಒಳಗೆ ಯಾರೂ ಇರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಆಮೇಲೆ ನಾಲ್ಕು ಹನಿ ಮಳೆಯೂ ಬಿತ್ತು. ಸಂಜೆಯವರೆಗೆ ಊರಿಗೆ ಊರೇ ಸೇರಿ ಗಿಡದಲ್ಲಿದ್ದಷ್ಟು ಕಾಯಿಯನ್ನು ಹಸಿರು ಹಣ್ಣು ನೋಡದೆ ಬಿಡಿಸಿತು, ಮುದ್ದಯ್ಯನ ವ್ಯಾನು ನಾಲ್ಕು ಸಲ ಪೇಟೆಗೆ ಹೋಗಿ ಬಂತು.

ಮರುವಾರ ಕೇಂದ್ರದವರು ಬಂದರು. ಈ ಸಲ ಉಪ್ಪುಕಾಗದ ಯಾರೂ ಕಿತ್ತಿಟ್ಟುಕೊಳ್ಳಲಿಲ್ಲ. ಪೂಜೆಯ ಹಿಂದಿನ ದಿನ ಉಜ್ಜಿದರೆ ಕಬ್ಬಿಣಕ್ಕೆ ಅಭ್ಯಂಜನ ಮಾಡಿಸಿದ ಹಾಗೆ, ಅದರಲ್ಲಿ ದೋಷವಿಲ್ಲ ಎಂದು ಕೆಂಪರಾಜಮ್ಮ ಆಗಲೇ ತೀರ್ಪು ಕೊಟ್ಟಾಗಿತ್ತು. ಮನೆ ಮನೆಯ ನಿಜವಾದ ನಂಬರನ್ನು ಬೋರ್ಡಿಗೆ ಹಾಕುವ ಕೆಲಸ ವಾರಿಜಾಳ ಪಾಲಿಗೆ ಬಂತು. ಊರಿನವರ ಮುಖ ಸಣ್ಣದಾಗುವುದನ್ನು ನೆನೆದು ಅವಳಿಗೆ ಹಿಂದಿನ ದಿನದಿಂದ ಊಟವೇ ಸೇರಿರಲಿಲ್ಲ. ಅತ್ತೆಯ ಮನೆಯ ಬೋರ್ಡಿನೆದುರು ಬಂದಾಗ ಕೈ ಮುಂದೆ ಹೋಗಲಿಲ್ಲ.

"ಎಷ್ಟು ಅಂದೆ ಅವತ್ತು?" ಎಂದಳು ಹಿಂದೆ ನಿಂತಿದ್ದ ಕೆಂಪರಾಜಮ್ಮ.

"ಮೂವತ್ತೆಂಟು ಅತ್ತೆ."

"ಆ ಗಾಳಿ ಬಂದಾಗ್ಲೂ ಮೂವತ್ತೆಂಟೇ ಇತ್ತಾ?"

"ಅಷ್ಟೇ ಇತ್ತು."

ಕೆಂಪರಾಜಮ್ಮ ತಲೆಯೆತ್ತಿ ಬೋಳು ಕಂಬಗಳನ್ನು ಒಂದು ಕಡೆಯಿಂದ ನೋಡುತ್ತ ಬಂದಳು. ಅವಳ ಬೆನ್ನು ನೆಟ್ಟಗಾಯಿತು.

"ತೊಂಬತ್ತೇಳು ಇಟ್ಕೊಂಡು ಯಾರು ಬೇಕಾದ್ರೂ ನಿಂತ್ಕೋತಾರೆ. ಮೂವತ್ತೆಂಟು ಇಟ್ಕೊಂಡು ಇಪ್ಪತ್ತಾರು ವರ್ಷದ ಸಂಸಾರ ಹೊತ್ತು, ಆ ಗಾಳೀನೂ ತಡ್ಕೊಂಡು ನಿಂತದಲ್ಲ, ಅದು ಕಣಮ್ಮ ಪೈಪು! ಹಾಕು. ದೊಡ್ಡದಾಗಿ ಕಾಣಂಗೆ ಹಾಕು."

ವಾರಿಜಾ ಹಾಕಿದಳು. ಬೈಲಪ್ಪ ಬೇಲಿಯಾಚೆಯಿಂದ ಅದನ್ನು ಓದಿ, ತನ್ನದು ಮೂವತ್ತೈದು, ಆದ್ದರಿಂದ ತನ್ನದೇ ಗಟ್ಟಿ ಎಂದು ವಾದಕ್ಕೆ ನಿಂತ. ಅರ್ಧ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದಳು ಕೆಂಪರಾಜಮ್ಮ. ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಜಗಳ. ಅಷ್ಟು ಸವೆದ ಮನೆಯನ್ನು ಬಿಚ್ಚಲು ಯಾರಿಗೂ ನಾಚಿಕೆಯಿರಲಿಲ್ಲ. ಹೊಸ ಪೈಪಿನ ಅರ್ಜಿಗೆ ಅರವತ್ತೆರಡು ಮನೆಯವರೂ ಒಂದೇ ದಿನ ಸಹಿ ಹಾಕಿದರು.

ಸೋಮವಾರ ವಾರಿಜಾ ಆಫೀಸಿಗೆ ಹೋದಾಗ ಫಕ್ರುದ್ದೀನ್ ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ನಿಮ್ಮೂರಿಂದ ಬೆಳಿಗ್ಗೆಯಿಂದ ಹನ್ನೊಂದು ದೂರು ಬಂದಿವೆ" ಎಂದರು. "ನಂಬರು ಜಾಸ್ತಿ ಬರೆದುಬಿಟ್ಟಿದೀರಂತೆ. ಇನ್ನೊಂದು ಸಲ ಉಜ್ಜಿ, ಸ್ವಲ್ಪ ಕಮ್ಮಿ ಮಾಡಿಕೊಡಬೇಕಂತೆ."